ಮಾಲೀಕರಿಗೆ ನೇರ ಪತ್ರ: ಬೆಂಗಳೂರು ಗ್ರಾಮಾಂತರದಲ್ಲಿ ಜಾಹೀರಾತಿಗೆ ಬಾರದ ಜಮೀನು ಹುಡುಕುವ ಬಗೆ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ಕೈಬದಲಾಗುವ ಎಷ್ಟೋ ಜಮೀನು, ನಿವೇಶನಗಳು ಪತ್ರಿಕೆಯ ಜಾಹೀರಾತಿನಲ್ಲಾಗಲಿ ಅಂತರ್ಜಾಲದಲ್ಲಾಗಲಿ ಕಾಣಿಸಿಕೊಳ್ಳುವುದೇ ಇಲ್ಲ. ಮಾಲೀಕರು ಊರಿನ ಹೋಟೆಲಿನಲ್ಲಿ ಆಡಿದ ಮಾತು ಒಬ್ಬ ದಲ್ಲಾಳಿಯ ಕಿವಿಗೆ ಬೀಳುತ್ತದೆ. ಅವನಿಂದ ಇನ್ನೊಬ್ಬನಿಗೆ, ಅಲ್ಲಿಂದ ಮತ್ತೊಬ್ಬನಿಗೆ ದಾಟುತ್ತದೆ. ಬೆಂಗಳೂರಿನ ಗ್ರಾಹಕನನ್ನು ತಲುಪುವ ಹೊತ್ತಿಗೆ ಬೆಲೆಯ ಮೇಲೆ ಮೂರ್ನಾಲ್ಕು ಕೈಗಳ ಲಾಭ ಕುಳಿತಿರುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಆರಂಭವಾದ ನಂತರ ಈ ಸರಪಳಿ ಉದ್ದವಾಯಿತು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮಾರ್ಗವಾಗಿ ಹೊಸಕೋಟೆಗೆ ಸಾಗುವ ಉಪನಗರ ವರ್ತುಲ ರಸ್ತೆ ಅದನ್ನು ಇನ್ನಷ್ಟು ಹಳ್ಳಿಗಳಿಗೆ ಒಯ್ದಿತು.

ಈ ಸರಪಳಿಯನ್ನು ಬಿಟ್ಟು ಮಾಲೀಕರಿಗೇ ಅಂಚೆಯ ಮೂಲಕ ಪತ್ರ ಬರೆದು ವಿಚಾರಿಸುವುದು ಅಮೆರಿಕದಲ್ಲಿ ಹಳೆಯ ಪದ್ಧತಿ. ಅಲ್ಲಿ ತೆರಿಗೆ ದಾಖಲೆಯಲ್ಲಿ ಮಾಲೀಕರ ಅಂಚೆ ವಿಳಾಸವೂ ಸಿಗುತ್ತದೆ. ನಮ್ಮಲ್ಲಿ ‘ಭೂಮಿ’ ಯೋಜನೆಯಿಂದಾಗಿ ಪಹಣಿಯನ್ನು ಯಾರು ಬೇಕಾದರೂ ನೋಡಬಹುದು. ಆದರೆ ಅದರಲ್ಲಿರುವುದು ಖಾತೆದಾರರ ಹೆಸರು, ತಂದೆ ಅಥವಾ ಗಂಡನ ಹೆಸರು, ವಿಸ್ತೀರ್ಣ ಮತ್ತು ಋಣಗಳ ವಿವರ ಮಾತ್ರ, ವಿಳಾಸ ಇಲ್ಲ. ಹೊಸಬರು ಎಡವುವುದು ಇಲ್ಲಿಯೇ.

ವಿಳಾಸ ಸಿಗುವ ಸ್ಥಳ ಉಪನೋಂದಣಾಧಿಕಾರಿ ಕಚೇರಿ. ಸರ್ವೆ ನಂಬರ್ ಅಥವಾ ನಿವೇಶನದ ಸಂಖ್ಯೆ ಕೊಟ್ಟು ಋಣಭಾರ ಪ್ರಮಾಣ ಪತ್ರ ಪಡೆದರೆ ಹಿಂದಿನ ಕ್ರಯಪತ್ರಗಳ ನೋಂದಣಿ ಸಂಖ್ಯೆ ತಿಳಿಯುತ್ತದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿ ಕ್ರಯಪತ್ರದ ದೃಢೀಕೃತ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ಕೊಂಡವರ ವಾಸದ ವಿಳಾಸ ಅದರಲ್ಲಿ ಬರೆದಿರುತ್ತದೆ. ಇಪ್ಪತ್ತು ವರ್ಷಗಳ ಹಿಂದಿನ ಬಾಡಿಗೆ ಮನೆಯ ವಿಳಾಸವಾಗಿದ್ದರೆ ಪತ್ರ ಹಿಂದಿರುಗಬಹುದು. ಪಿತ್ರಾರ್ಜಿತ ಜಮೀನಿಗೆ ಕ್ರಯಪತ್ರವೇ ಇರುವುದಿಲ್ಲ. ಆಗ ಖಾತೆದಾರರ ಹೆಸರು, ತಂದೆಯ ಹೆಸರು, ಗ್ರಾಮ, ಅಂಚೆ, ತಾಲ್ಲೂಕು ಮತ್ತು ಪಿನ್ ಬರೆದರೆ ಸಾಕು. ಉಳಿದದ್ದು ಹಳ್ಳಿಯ ಅಂಚೆಯಣ್ಣನಿಗೆ ಗೊತ್ತಿರುತ್ತದೆ.

ಸಿಕ್ಕ ಸರ್ವೆ ನಂಬರಿಗೆಲ್ಲ ಪತ್ರ ಹಾಕುವುದು ಹಣ ದಂಡ. ಒಂದೆರಡು ಗ್ರಾಮಗಳನ್ನು ಆರಿಸಿಕೊಂಡು, ಕಾಲ್ನಡಿಗೆಯಲ್ಲಿ ಸುತ್ತಿ, ‘ದಿಶಾಂಕ್’ ಆ್ಯಪ್ ನೆರವಿನಿಂದ ನಿಂತ ಜಾಗದ ಸರ್ವೆ ನಂಬರ್ ಗುರುತಿಸಿಕೊಳ್ಳುವುದು ಒಳಿತು. ಉತ್ತರ ಬರುವ ಸಾಧ್ಯತೆ ಹೆಚ್ಚಿರುವುದು ಊರಲ್ಲಿಲ್ಲದ ಮಾಲೀಕರಿಂದ. ಎಂದೋ ನಿವೇಶನ ಕೊಂಡು, ಮನೆ ಕಟ್ಟದೆ, ಈಗ ನಿವೃತ್ತರಾಗಿ ಮಕ್ಕಳ ಬಳಿ ಬೇರೆ ಊರಿನಲ್ಲಿರುವವರ ಜಾಗಗಳಲ್ಲಿ ಜಾಲಿ ಬೆಳೆದು ನಿಂತಿರುವುದನ್ನು ಈ ನಾಲ್ಕೂ ತಾಲ್ಲೂಕುಗಳಲ್ಲಿ ಕಾಣಬಹುದು. ಉಳುತ್ತಿರುವ ರೈತನಿಗೆ ಬರೆಯುವ ಪತ್ರ ಬೇರೆಯೇ ಸಂಗತಿ.

ಪತ್ರ ಕನ್ನಡದಲ್ಲಿ, ಕೈಬರಹದಲ್ಲಿ, ಒಂದು ಪುಟ ಮೀರದಂತೆ ಇರಲಿ. ಹೀಗೆ ಬರೆಯಬಹುದು:

“ಮಾನ್ಯರೇ, ನಮಸ್ಕಾರಗಳು. ತಮ್ಮ ಗ್ರಾಮದ ಇಂಥ ಸರ್ವೆ ನಂಬರಿನ ಜಮೀನು ತಮ್ಮ ಹೆಸರಿನಲ್ಲಿರುವುದನ್ನು ಪಹಣಿಯಿಂದ ತಿಳಿದೆ. ನಾನು ದಲ್ಲಾಳಿಯಲ್ಲ, ಸ್ವಂತಕ್ಕೆ ಹುಡುಕುತ್ತಿದ್ದೇನೆ. ಮಾರುವ ಆಲೋಚನೆ ತಮ್ಮ ಕುಟುಂಬಕ್ಕೆ ಇದ್ದಲ್ಲಿ ದಯವಿಟ್ಟು ತಿಳಿಸಿ. ಇಲ್ಲದಿದ್ದಲ್ಲಿ ಮತ್ತೆ ತೊಂದರೆ ಕೊಡುವುದಿಲ್ಲ. ಮಾತುಕತೆಗೆ ತಾವು ಹೇಳಿದ ದಿನ ತಮ್ಮ ಮನೆಗೇ ಬರುತ್ತೇನೆ.”

ಕೆಳಗೆ ಪೂರ್ಣ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಇರಬೇಕು. ‘ಕುಟುಂಬಕ್ಕೆ’ ಎಂಬ ಪದವನ್ನು ಬಿಡಬಾರದು, ಕಾರಣ ಮುಂದಿದೆ. ಬೆಲೆ ಬರೆಯದಿರುವುದು ಲೇಸು. ಬೆಳಿಗ್ಗೆ ಬಂದ ಪತ್ರದ ಬೆಲೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಸಾಧಾರಣ ಅಂಚೆಯೇ ಸಾಕು. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ಯಾವ ಹೆಸರಿನಲ್ಲಿ ಬಂದರೂ ಸಹಿ ಹಾಕಿಸಿಕೊಳ್ಳುವ ಲಕೋಟೆಯೆಂದರೆ ಹಳ್ಳಿಯ ಮನೆಗಳಲ್ಲಿ ಕೋರ್ಟಿನ ಅಥವಾ ಬ್ಯಾಂಕಿನ ನೋಟಿಸು ಎಂಬ ಗಾಬರಿ ಇದ್ದೇ ಇದೆ.

ಬಹುಪಾಲು ಪತ್ರಗಳಿಗೆ ಉತ್ತರ ಬರುವುದಿಲ್ಲ. ಬಂದಾಗ ನಿಜವಾದ ಕೆಲಸ ಶುರು. ಪಹಣಿಯಲ್ಲಿರುವ ಹೆಸರಿನವರು ತೀರಿಕೊಂಡು ವರ್ಷಗಳಾಗಿದ್ದು, ಪೌತಿ ಖಾತೆಯೇ ಆಗಿರದಿರುವುದು ಸಾಮಾನ್ಯ. ಫೋನ್ ಮಾಡುವವನು ಹಿರಿಯ ಮಗನಾಗಿರುತ್ತಾನೆ. ಮದುವೆಯಾಗಿ ಹೋದ ಅಕ್ಕ ತಂಗಿಯರ ವಿಷಯ ಅವನು ಎತ್ತುವುದಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಆಗ ಬದುಕಿದ್ದರೇ ಎಂಬುದು ಮುಖ್ಯವಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿದೆ. ವಂಶವೃಕ್ಷ ತರಿಸಿ, ಅದರಲ್ಲಿರುವ ಎಲ್ಲರ ಸಹಿ ಇಲ್ಲದೆ ಮುಂಗಡ ಕೊಡಬಾರದು. ಯಾವ ಮನೆಯ ಅಣ್ಣತಮ್ಮಂದಿರಿಗೆ ಮಾತಿಲ್ಲ ಎಂಬುದನ್ನು ದಲ್ಲಾಳಿ ಬಲ್ಲ, ಪತ್ರ ಬರೆಯುವವನು ಅರಿಯ. ದಲ್ಲಾಳಿಯ ಕಮಿಷನ್ನಿನಲ್ಲಿ ಈ ತಿಳಿವಳಿಕೆಯ ಬೆಲೆಯೂ ಸೇರಿದೆ ಎಂಬುದನ್ನು ಒಪ್ಪಬೇಕು.

ಮಂಜೂರಾತಿ ಜಮೀನಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ನೀಡಿದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವುದನ್ನು 1978ರ ರಾಜ್ಯ ಕಾಯ್ದೆ ನಿಷೇಧಿಸುತ್ತದೆ. ಭೂಮಿ ಮರಳಿ ಕೊಡಿಸಲು ಅರ್ಜಿ ಹಾಕುವುದಕ್ಕೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು. ಎಷ್ಟು ಕೈ ಬದಲಾಗಿದ್ದರೂ ಮೂಲ ಮಂಜೂರಾತಿ ಆದೇಶ ನೋಡಲೇಬೇಕು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಇದ್ದ 79ಎ, 79ಬಿ ಕಲಮುಗಳ ಅಡ್ಡಿ 2020ರಲ್ಲಿ ತೆಗೆದುಹೋಯಿತು. ಆದರೆ ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವಾಗ 11ಇ ನಕ್ಷೆ ಬೇಕು. ನಿವೇಶನವಾದರೆ ಭೂ ಪರಿವರ್ತನೆಯ ಆದೇಶ ಮತ್ತು ಅನುಮೋದಿತ ಬಡಾವಣೆ ನಕ್ಷೆ ಕೇಳಬೇಕು.

ಭೂಸ್ವಾಧೀನದ ಅಧಿಸೂಚನೆ ಇದೆಯೇ ಎಂಬ ವಿಚಾರಣೆ ಈ ಜಿಲ್ಲೆಯಲ್ಲಿ ಬಿಡುವಂತಿಲ್ಲ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆ ಭೂಮಿಯ ಸ್ವಾಧೀನವನ್ನು ವಿರೋಧಿಸಿ ರೈತರು 2022ರಿಂದ ಸಾವಿರಕ್ಕೂ ಹೆಚ್ಚು ದಿನ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಇಂಥ ಊರುಗಳಲ್ಲಿ ಅಪರಿಚಿತರ ಪತ್ರವನ್ನು ಜನ ಅನುಮಾನದಿಂದ ನೋಡಿದರೆ ತಪ್ಪಿಲ್ಲ. ಹೊಲದ ಪಕ್ಕ ಬರಲಿರುವ ರಸ್ತೆಯ ಸುದ್ದಿ ತನಗೆ ಗೊತ್ತು, ಮುದುಕ ಮಾಲೀಕನಿಗೆ ಗೊತ್ತಿಲ್ಲ ಎಂಬ ಲೆಕ್ಕದಲ್ಲಿ ಬರೆಯುವ ಪತ್ರ ವ್ಯವಹಾರವಲ್ಲ, ವಂಚನೆಯ ನೆರೆಮನೆ. ಮುಂದೆ ಮಕ್ಕಳು ನ್ಯಾಯಾಲಯಕ್ಕೆ ಹೋಗಲು ಅದೇ ಕಾರಣವಾಗುತ್ತದೆ.

ಮಾತು ಕುದುರಿದರೆ ಕ್ರಯದ ಕರಾರನ್ನು ನೋಂದಣಿ ಮಾಡಿಸಿಕೊಂಡು, ಹಣವನ್ನು ಬ್ಯಾಂಕ್ ಮೂಲಕವೇ ಕೊಡಬೇಕು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಮುಂಗಡ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವಿದೆ. ಬರೀ ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಒಡೆತನ ಬಾರದು. ಸುಪ್ರೀಂ ಕೋರ್ಟ್ 2011ರಲ್ಲೇ ಇದನ್ನು ಹೇಳಿದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ್ದು, ಶೇ 5ರ ಮುದ್ರಾಂಕ ಶುಲ್ಕ, ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಒಟ್ಟು ಖರ್ಚು ಶೇ 7.6ರ ಆಸುಪಾಸಿನಲ್ಲಿದೆ. ಇದನ್ನು ಕಟ್ಟುವವರು ಕೊಳ್ಳುವವರೇ ಆದ್ದರಿಂದ, ಮನೆಗೆ ಹೋಗಿ ಬೆಲೆ ಮಾತಾಡುವ ಮೊದಲೇ ಲೆಕ್ಕ ಹಾಕಿಟ್ಟುಕೊಂಡಿರಬೇಕು.