ಯುಪಿಐನಲ್ಲಿ ಹಣ ಕಟ್ ಆಯ್ತು, ಅಂಗಡಿಯವರಿಗೆ ಬಂದಿಲ್ಲ: ಆ ದುಡ್ಡು ಎಲ್ಲಿರುತ್ತೆ?

ಎಳನೀರು ಕುಡಿದು ಕ್ಯೂಆರ್ ಸ್ಕ್ಯಾನ್ ಮಾಡ್ತೀರಿ. ನಿಮ್ಮ ಖಾತೆಯಿಂದ 50 ರೂಪಾಯಿ ಹೋಗಿದೆ ಅಂತ ಮೆಸೇಜ್ ಬರುತ್ತೆ. ಅಂಗಡಿಯವರು ಮಾತ್ರ "ಸೌಂಡ್ ಬಂದಿಲ್ಲ ಸಾರ್" ಅಂತಾರೆ. ಇಂಥ ಅನುಭವ ಎಲ್ಲರಿಗೂ ಆಗಿರೋದರಿಂದಲೇ "ಫೇಲ್ ಆದ ಹಣವನ್ನು ಪೇಮೆಂಟ್ ಆ್ಯಪ್‌ಗಳು ನಾಲ್ಕೈದು ದಿನ ಇಟ್ಟುಕೊಂಡು ಬಡ್ಡಿ ತಿನ್ನುತ್ತವೆ" ಎನ್ನುವಂಥ ಮಾತು ಸುಲಭವಾಗಿ ಹರಡುತ್ತೆ. ಇದು ನಿಜವೇ?

ಅಲ್ಲ. ನೀವು ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದಾಗ ಹಣ ಫೋನ್‌ಪೇ, ಗೂಗಲ್ ಪೇ ಥರದ ಆ್ಯಪ್‌ನ ಕೈಗೆ ಹೋಗುವುದೇ ಇಲ್ಲ. ಆ್ಯಪ್ ನಿಮ್ಮ ಸೂಚನೆಯನ್ನು ಮುಟ್ಟಿಸುವ ಅಂಚೆಯಣ್ಣ ಅಷ್ಟೆ. ಹಣ ನಿಮ್ಮ ಬ್ಯಾಂಕಿನಲ್ಲಿರುತ್ತೆ, ಇಲ್ಲವೇ ಎದುರಿನವರ ಬ್ಯಾಂಕಿನಲ್ಲಿರುತ್ತೆ.

ಮೊದಲು ಸಂದೇಶ, ಆಮೇಲೆ ಹಣ

ನೀವು ಪಿನ್ ಒತ್ತಿದ ಕೂಡಲೇ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಹಾರಿಹೋಗುತ್ತೆ ಅಂತ ನಾವು ಅಂದುಕೊಂಡಿರ್ತೀವಿ. ಆ ಕ್ಷಣದಲ್ಲಿ ಓಡಾಡುವುದು ಬರೀ ಸಂದೇಶ. ನಿಮ್ಮ ಬ್ಯಾಂಕ್ ನಿಮ್ಮ ಲೆಕ್ಕದಲ್ಲಿ 50 ರೂಪಾಯಿ ಕಳೆಯುತ್ತೆ. ನಡುವೆ ಇರುವ ಎನ್‌ಪಿಸಿಐ ಸಂಸ್ಥೆ ಅಂಗಡಿಯವರ ಬ್ಯಾಂಕಿಗೆ "ಇವರ ಖಾತೆಗೆ 50 ಸೇರಿಸಿ" ಅನ್ನುತ್ತೆ. ಅವರು ಸೇರಿಸಿ "ಆಯ್ತು" ಅಂದರೆ ನಿಮ್ಮ ಪರದೆಯಲ್ಲಿ ಹಸಿರು ಟಿಕ್ ಬರುತ್ತೆ.

ಎರಡು ಬ್ಯಾಂಕುಗಳ ನಡುವಿನ ನಿಜವಾದ ವ್ಯವಹಾರ ಆಮೇಲೆ, ದಿನಕ್ಕೆ ಹಲವು ಬಾರಿ, ರಿಸರ್ವ್ ಬ್ಯಾಂಕಿನಲ್ಲಿರುವ ಅವುಗಳ ಖಾತೆಗಳಲ್ಲಿ ನಡೆಯುತ್ತೆ. ಇದನ್ನೇ ಸೆಟಲ್‌ಮೆಂಟ್ ಅನ್ನೋದು. ಒಂದು ಬ್ಯಾಂಕಿನ ಗ್ರಾಹಕರು ಇನ್ನೊಂದಕ್ಕೆ 10 ಕೋಟಿ ಕಳಿಸಿ, ಅಲ್ಲಿನವರು ಇಲ್ಲಿಗೆ 9 ಕೋಟಿ ಕಳಿಸಿದ್ದರೆ, ಕೊನೆಗೆ ದಾಟುವುದು 1 ಕೋಟಿ ಮಾತ್ರ. ಹಳ್ಳಿಯ ಕಿರಾಣಿ ಅಂಗಡಿಯ ಸಾಲದ ಪುಸ್ತಕದಲ್ಲಿ ಕೊಟ್ಟದ್ದು, ತಗೊಂಡದ್ದು ಕಳೆದು ಉಳಿದದ್ದನ್ನು ಮಾತ್ರ ತೀರಿಸುವ ಹಾಗೆ.

ಹಾಗಾದರೆ ಫೇಲ್ ಆದ ಕೂಡಲೇ ವಾಪಸ್ ಕೊಡಬಾರದೇಕೆ?

ಇದು ನ್ಯಾಯವಾದ ಪ್ರಶ್ನೆ. "ಹಣ ಸೇರಿಸಲು ಆಗಲಿಲ್ಲ" ಅಂತ ಆ ಕಡೆಯ ಬ್ಯಾಂಕ್ ಖಚಿತವಾಗಿ ಹೇಳಿದರೆ ಬಹುತೇಕ ಕೂಡಲೇ ವಾಪಸ್ ಬರುತ್ತೆ. ತೊಂದರೆ ಇರೋದು ಆ ಕಡೆಯಿಂದ ಉತ್ತರವೇ ಬಾರದಿದ್ದಾಗ. ಅವರು ಹಣ ಸೇರಿಸಿದ ಮೇಲೆ ಉತ್ತರ ದಾರಿಯಲ್ಲಿ ಕಳೆದುಹೋಯಿತೋ, ಸೇರಿಸಲೇ ಇಲ್ಲವೋ ಗೊತ್ತಿಲ್ಲ. ಈಗ ನಿಮಗೆ ವಾಪಸ್ ಕೊಟ್ಟು, ಆಮೇಲೆ ಅಂಗಡಿಯವರಿಗೂ ಸೇರಿದೆ ಅಂತ ತಿಳಿದರೆ ಒಂದೇ 50 ರೂಪಾಯಿ ಇಬ್ಬರ ಹತ್ತಿರ ಇರುತ್ತೆ. ಅದಕ್ಕೇ ಪರದೆಯಲ್ಲಿ "ಪೆಂಡಿಂಗ್" ಅಂತ ತೋರಿಸಿ, ಎರಡೂ ಕಡೆಯ ಲೆಕ್ಕ ತಾಳೆ ಆಗುವವರೆಗೆ ಕಾಯುತ್ತಾರೆ.

ಇಲ್ಲೇ ನಾವು ಒಂದು ತಪ್ಪು ಮಾಡ್ತೀವಿ. ಪೆಂಡಿಂಗ್ ಕಂಡ ತಕ್ಷಣ ಇನ್ನೊಂದು ಸಲ ಸ್ಕ್ಯಾನ್ ಮಾಡ್ತೀವಿ. ಬ್ಯಾಂಕ್ ಅದೇ ಸಂದೇಶವನ್ನು ಎರಡು ಸಲ ಕಳಿಸಿದರೆ, ವ್ಯವಹಾರ ಸಂಖ್ಯೆ ಒಂದೇ ಆಗಿರೋದರಿಂದ ಒಮ್ಮೆ ಮಾತ್ರ ಲೆಕ್ಕಕ್ಕೆ ಬರುತ್ತೆ. ಆದರೆ ನೀವು ಹೊಸದಾಗಿ ಪಿನ್ ಒತ್ತಿದರೆ ಅದು ಹೊಸ ಸಂಖ್ಯೆಯ ಹೊಸ ಪಾವತಿ. ಎರಡೂ ಆಮೇಲೆ ಯಶಸ್ವಿಯಾಗಬಹುದು. ಆ ಕ್ಷಣಕ್ಕೆ ನಗದು ಕೊಡಬೇಕಾದರೆ ಅಂಗಡಿಯವರ ನಂಬರ್ ತಗೊಂಡಿರಿ.

ಸೌಂಡ್‌ಬಾಕ್ಸ್ ಮಾತಾಡಲಿಲ್ಲ ಅಂದರೆ ಹಣ ಬಂದಿಲ್ಲ ಅಂತಲೂ ಅರ್ಥವಲ್ಲ. ಅದಕ್ಕೆ ಬೇರೆಯೇ ಸಂದೇಶ ಹೋಗುತ್ತೆ. ನೆಟ್‌ವರ್ಕ್ ಇಲ್ಲದಿದ್ದರೆ ತಡವಾಗುತ್ತೆ. ಅಂಗಡಿಯವರು ಗ್ರಾಹಕರ ಪರದೆಯನ್ನೂ ನಂಬದೆ (ನಕಲಿ ಸ್ಕ್ರೀನ್‌ಶಾಟ್‌ಗಳಿಗೆ ಬರವಿಲ್ಲ) ತಮ್ಮ ಖಾತೆಯನ್ನೇ ನೋಡಬೇಕು.

ಕ್ಯೂಆರ್ ಒಂದೇ, ದಾರಿ ಹಲವು

2016ರಲ್ಲಿ ಯುಪಿಐ ಶುರುವಾದಾಗ ಅದು ಬ್ಯಾಂಕ್ ಖಾತೆಯಿಂದ ಖಾತೆಗೆ ಹೋಗುವ ದಾರಿ. ಈಗ ಅದೇ ಕ್ಯೂಆರ್‌ಗೆ ರುಪೇ ಕ್ರೆಡಿಟ್ ಕಾರ್ಡ್, ವಾಲೆಟ್, ಯುಪಿಐ ಲೈಟ್ ಎಲ್ಲದರಿಂದಲೂ ಕೊಡಬಹುದು. ಹೊಸ ವಿಧಾನ ಬಂದಾಗ ಅಂಗಡಿಯವರು ಬೋರ್ಡ್ ಬದಲಿಸಬೇಕಿಲ್ಲ ಎನ್ನುವುದೇ ಈ ವ್ಯವಸ್ಥೆಯ ಜಾಣ್ಮೆ. ಆದರೆ ಪರದೆಯ ಹಿಂದೆ ಪ್ರತಿಯೊಂದಕ್ಕೂ ಬೇರೆ ಲೆಕ್ಕದ ಪುಸ್ತಕ ಇದೆ. ಕ್ರೆಡಿಟ್ ಕಾರ್ಡಿನಿಂದ ಕೊಟ್ಟದ್ದರ ರೀಫಂಡ್ ಕಾರ್ಡಿಗೇ ಬರುತ್ತೆ, ಪಾಸ್‌ಬುಕ್‌ನಲ್ಲಿ ಹುಡುಕಿದರೆ ಸಿಗಲ್ಲ. ಯುಪಿಐ ಲೈಟ್‌ನ ಒಂದೊಂದು ಚಿಲ್ಲರೆ ಖರ್ಚೂ ಪಾಸ್‌ಬುಕ್‌ಗೆ ಬರುವುದಿಲ್ಲ. ಲೈಟ್‌ಗೆ ತುಂಬಿಸಿದ ಮೊತ್ತ ಮಾತ್ರ ಕಾಣುತ್ತೆ.

"2,000 ರೂಪಾಯಿ ಮೇಲೆ ಯುಪಿಐ ಮಾಡಿದರೆ 1.1% ಕಟ್" ಎಂಬ ಫಾರ್ವರ್ಡ್ ಹುಟ್ಟಿದ್ದೂ ಈ ಗೊಂದಲದಿಂದಲೇ. 2023ರ ಏಪ್ರಿಲ್‌ನಿಂದ ಬಂದ ಆ ಶುಲ್ಕ ವಾಲೆಟ್‌ನಂಥ ಪ್ರೀಪೇಯ್ಡ್ ಸಾಧನಗಳಿಂದ ವ್ಯಾಪಾರಿಗಳಿಗೆ ಮಾಡುವ ಪಾವತಿಗೆ ಸಂಬಂಧಿಸಿದ್ದು, ಅದೂ ಗ್ರಾಹಕರ ಮೇಲಲ್ಲ. ಖಾತೆಯಿಂದ ಖಾತೆಗೆ ಹೋಗುವ ಯುಪಿಐಗೆ ಅದು ಅನ್ವಯಿಸುವುದಿಲ್ಲ.

ಎಷ್ಟು ದಿನ ಕಾಯಬೇಕು?

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ಗಡುವು ಹಾಕಿದೆ. ಒಬ್ಬ ವ್ಯಕ್ತಿಗೆ ಕಳಿಸಿದ ಯುಪಿಐ ಹಣ ಸೇರದಿದ್ದರೆ, ವ್ಯವಹಾರದ ಮರುದಿನದೊಳಗೆ ತಾನಾಗಿ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟದ್ದಾದರೆ 5 ದಿನ. ಎಟಿಎಂನಲ್ಲಿ ಕಟ್ ಆಗಿ ನೋಟು ಬಾರದಿದ್ದರೂ 5 ದಿನ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಅದೂ ನೀವು ದೂರು ಕೊಡುವವರೆಗೆ ಕಾಯದೆ. ಈ ನೂರು ರೂಪಾಯಿಯ ವಿಷಯ ಫಾರ್ವರ್ಡ್‌ಗಳಲ್ಲಿ ಯಾಕೋ ಕಾಣಿಸುವುದೇ ಇಲ್ಲ.

ಕಾಯುವ ಈ ದಿನಗಳೇ ವಂಚಕರ ಸುಗ್ಗಿ. ಗಾಬರಿಯಲ್ಲಿ ಇಂಟರ್‌ನೆಟ್‌ನಲ್ಲಿ "ಕಸ್ಟಮರ್ ಕೇರ್ ನಂಬರ್" ಹುಡುಕಿದರೆ ನಕಲಿ ನಂಬರ್ ಸಿಗಬಹುದು. ಆ ಕಡೆಯವರು "ರೀಫಂಡ್ ಮಾಡ್ತೀವಿ, ಪಿನ್ ಹಾಕಿ" ಅಂತಾರೆ. ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತೆ, ಬರಲ್ಲ. ದೂರು ಕೊಡಬೇಕಾದರೆ ಆ್ಯಪ್‌ನಲ್ಲಿ ಅದೇ ವ್ಯವಹಾರ ತೆರೆದು ಸಹಾಯ ವಿಭಾಗಕ್ಕೆ ಹೋಗಿ, ಅಲ್ಲಿ ಕಾಣುವ 12 ಅಂಕಿಯ ಯುಟಿಆರ್ ಸಂಖ್ಯೆ ಬರೆದಿಟ್ಟುಕೊಂಡು ಬ್ಯಾಂಕಿಗೂ ತಿಳಿಸಿ. ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448. ಈಗಾಗಲೇ ವಂಚನೆ ಆಗಿದ್ದರೆ ಒಂದು ಗಂಟೆಯೂ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮುಂಚೆಯೇ ತಡೆಹಿಡಿಯಲು ಸಾಧ್ಯವಾಗಬಹುದು.