ಜನರಲ್ ಮೋಟರ್ಸ್ ಸಂಸ್ಥೆಯ ಹಿಂಚಕ್ರ ಚಾಲನೆಯ ಸೆಡಾನ್‌ಗಳು: ಧೋರಣೆ ಮತ್ತು ಮಾರಾಟದ ಇತಿಹಾಸ

ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ತಯಾರಿಸಿದ ಸೆಡಾನ್ ಕಾರುಗಳು ಸಾಮಾನ್ಯವಾಗಿ ಹಿಂಚಕ್ರ ಚಾಲನೆಯವು. ಎಂದರೆ, ಇಂಜಿನ್ ಮುಂಭಾಗದಲ್ಲಿದ್ದು, ಅದರ ಶಕ್ತಿಯು ಉದ್ದನೆಯ ಪ್ರೊಪೆಲರ್ ಶಾಫ್ಟಿನ ಮೂಲಕ ಹಿಂದಿನ ಚಕ್ರಗಳನ್ನು ಸೇರುವ ರಚನೆಯವು. 1980ರ ದಶಕದಲ್ಲಿ ಬಹುಮಟ್ಟಿಗೆ ತೊರೆದ ಈ ರಚನೆಯನ್ನು ಶತಮಾನದ ಅಂತ್ಯದಿಂದೀಚೆಗೆ ಪುನಃ ಪ್ರತಿಷ್ಠಾಪಿಸಲು ಸಂಸ್ಥೆಯು ನಡೆಸಿದ ಪ್ರಯತ್ನವೇ ಈ ಲೇಖನದ ವಿಷಯ. ಇದನ್ನು ಕುರಿತ ಬರೆಹಗಳಲ್ಲಿ 2005ರ ಹಾಗೂ 2007ರ ಎರಡು ಪ್ರತ್ಯೇಕ ನಿರ್ಧಾರಗಳು ಒಂದರೊಡನೊಂದು ಬೆರೆತುಹೋಗಿ, ಇಂಧನ ನಿಯಮಗಳ ದೆಸೆಯಿಂದಲೇ ಹಿಂಚಕ್ರದ ಸೆಡಾನ್ ಅಳಿಯಿತೆಂಬ ಸರಳ ಕಥನವು ರೂಢಿಗೆ ಬಂದಿದೆ. ಕಾಲಕ್ರಮದ ಎದುರು ಆ ಕಥನ ನಿಲ್ಲಲಾರದು.

ಪೂರ್ವೇತಿಹಾಸ ಸುಪರಿಚಿತವಾದುದು. 1973 ಮತ್ತು 1979ರ ತೈಲ ಸಂಕಟಗಳ ಒತ್ತಡದಲ್ಲಿ, ಒಳಗಿನ ಅವಕಾಶ ಹೆಚ್ಚಿ ತೂಕ ತಗ್ಗುವ ಮುಂಚಕ್ರ ಚಾಲನೆಯೇ ಸಂಸ್ಥೆಯ ಮುಖ್ಯ ಮಾರ್ಗವಾಯಿತು. ಉಳಿದಿದ್ದ ದೊಡ್ಡ ಹಿಂಚಕ್ರ ಸೆಡಾನ್‌ಗಳಾದ ಷೆವರ್ಲೆ ಕ್ಯಾಪ್ರಿಸ್, ಬ್ಯೂಕ್ ರೋಡ್‌ಮಾಸ್ಟರ್ ಮತ್ತು ಕ್ಯಾಡಿಲಾಕ್ ಫ್ಲೀಟ್‌ವುಡ್‌ಗಳ ತಯಾರಿಕೆ 1996ರಲ್ಲಿ ನಿಂತು, ಅವುಗಳ ನೆಲೆಯಾಗಿದ್ದ ಟೆಕ್ಸಾಸಿನ ಆರ್ಲಿಂಗ್ಟನ್ ಕಾರ್ಖಾನೆಯು ಹೆಚ್ಚು ಲಾಭ ತರುವ ಟ್ರಕ್ ವರ್ಗದ ವಾಹನಗಳಿಗೆ ಮೀಸಲಾಯಿತು. ಕಾರಿಗಾಗಿ ಟ್ರಕ್ಕನ್ನು ಬಿಡಲಾಗದೆಂಬ ಈ ಲೆಕ್ಕಾಚಾರ ಮುಂದೆಯೂ ತಲೆದೋರಲಿತ್ತು.

ಮರಳುವ ಮೊದಲ ಯತ್ನ ಕ್ಯಾಡಿಲಾಕಿನದು. ಜರ್ಮನಿಯ ಓಪೆಲ್ ಒಮೆಗಾವನ್ನು ಆಧರಿಸಿದ ಕ್ಯಾಟೆರಾ ಅಷ್ಟಾಗಿ ಸಲ್ಲಲಿಲ್ಲ. ಆದರೆ ಸಿಗ್ಮಾ ಎಂಬ ಹೊಸ ತಳಹದಿಯ ಮೇಲೆ ಮಿಷಿಗನ್‌ನ ಲ್ಯಾನ್ಸಿಂಗಿನಲ್ಲಿ ತಯಾರಾಗಿ 2002ರಲ್ಲಿ ಹೊರಬಂದ ಸಿಟಿಎಸ್, 2004ರ ವೇಳೆಗೆ ಅಮೆರಿಕದಲ್ಲಿ ವರ್ಷಕ್ಕೆ 57 ಸಾವಿರದಷ್ಟು ಮಾರಾಟವಾಯಿತು. ದುಬಾರಿಯಾದ ಸಿಗ್ಮಾ ಕ್ಯಾಡಿಲಾಕಿನ ಬೆಲೆಗಷ್ಟೇ ಹೊಂದುವಂಥದಾಗಿದ್ದರಿಂದ, ಷೆವರ್ಲೆ, ಪಾಂಟಿಯಾಕ್‌ಗಳ ಸಾಮಾನ್ಯ ಗಿರಾಕಿಗೆ ಬೇರೊಂದು ತಳಹದಿ ಬೇಕಾಯಿತು. ಅದು ಸಿಕ್ಕಿದ್ದು ಆಸ್ಟ್ರೇಲಿಯದಲ್ಲಿ.

ಅಲ್ಲಿಯ ಅಂಗಸಂಸ್ಥೆಯಾದ ಹೋಲ್ಡನ್, 1978ರಿಂದ ಕಮೋಡೋರ್ ಎಂಬ ಹಿಂಚಕ್ರದ ಸೆಡಾನನ್ನು ತಯಾರಿಸುತ್ತಿದ್ದು, 1998ರಲ್ಲಿ ಅದರ ಮಾರಾಟ 94 ಸಾವಿರವನ್ನು ದಾಟಿತ್ತು. 2001ರಲ್ಲಿ ಸಂಸ್ಥೆಯ ಉಪಾಧ್ಯಕ್ಷರಾಗಿ ಬಂದ ಬಾಬ್ ಲಟ್ಜ್, ಹೋಲ್ಡನ್ನಿನ ಎರಡು ಬಾಗಿಲ ಮೊನಾರೋವನ್ನು ಪಾಂಟಿಯಾಕ್ ಜಿಟಿಒ ಎಂಬ ಹಳೆಯ, ಗೌರವಾನ್ವಿತ ಹೆಸರಿನಲ್ಲಿ ಅಮೆರಿಕಕ್ಕೆ ತರಿಸಿದರು. ವರ್ಷಕ್ಕೆ 18 ಸಾವಿರದ ನಿರೀಕ್ಷೆಯಿದ್ದ ಆ ಕಾರು, 2004ರಿಂದ 2006ರ ಪರ್ಯಂತ ಮೂರು ಮಾದರಿ ವರ್ಷಗಳಲ್ಲಿ ಒಟ್ಟು 40 ಸಾವಿರದ ಆಸುಪಾಸಿನಲ್ಲೇ ಉಳಿಯಿತು. ಅದರ ಸೌಮ್ಯ ಆಕಾರವನ್ನು ದೂರಿದವರೇ ಬಹಳ. ಆದರೆ 2001ರಲ್ಲಿ ಅಮೆರಿಕದ 50 ಸೆಂಟುಗಳ ಆಸುಪಾಸಿನಲ್ಲಿದ್ದ ಆಸ್ಟ್ರೇಲಿಯದ ಡಾಲರ್, ಕಾರು ಅಂಗಡಿಗೆ ಬರುವಷ್ಟರಲ್ಲಿ 70 ಸೆಂಟುಗಳನ್ನು ಮೀರಿತ್ತೆಂಬುದನ್ನು ಗಮನಿಸಿದವರು ವಿರಳ.

ಇಷ್ಟರಲ್ಲಿ ಹೋಲ್ಡನ್, ಝೀಟಾ ಎಂಬ ಹೊಸ ತಳಹದಿಯನ್ನು ರೂಪಿಸುತ್ತಿತ್ತು. ಇದರ ಮೇಲೆ ಕಮೋಡೋರ್ ಮಾತ್ರವಲ್ಲದೆ ಉತ್ತರ ಅಮೆರಿಕದ ಹಲವು ಸೆಡಾನ್‌ಗಳೂ ನಿಂತು, ವೆಚ್ಚವೆಲ್ಲ ಲಕ್ಷಾಂತರ ಕಾರುಗಳಲ್ಲಿ ಹಂಚಿಹೋಗುವುದೆಂಬುದು ಮೂಲ ಯೋಜನೆ. ಪ್ರತಿಸ್ಪರ್ಧಿಯಾದ ಕ್ರೈಸ್ಲರ್, ಹಿಂಚಕ್ರಕ್ಕೆ ಮರಳಿದ ತನ್ನ 300 ಮಾದರಿಯನ್ನು 2005ರಲ್ಲಿ ಲಕ್ಷಕ್ಕೂ ಮಿಕ್ಕು ಮಾರಿದುದರಿಂದ ಈ ಯೋಜನೆ ಹುಚ್ಚು ಸಾಹಸವೆನ್ನುವಂತಿರಲಿಲ್ಲ. ಆದರೂ ಅದೇ ವರ್ಷದ ಆರಂಭದಲ್ಲಿ, ಮೊದಲ ಮೂರು ತಿಂಗಳಲ್ಲೇ 110 ಕೋಟಿ ಡಾಲರ್ ನಷ್ಟವನ್ನು ಕಂಡ ಸಂಸ್ಥೆಯು, ಉತ್ತರ ಅಮೆರಿಕದ ಝೀಟಾ ಸೆಡಾನ್‌ಗಳನ್ನು ನಿಲ್ಲಿಸಿ, ಆ ಹಣವನ್ನೂ ಇಂಜಿನಿಯರುಗಳನ್ನೂ ಹೊಸ ದೊಡ್ಡ ಟ್ರಕ್‌ಗಳು ಬೇಗ ಹೊರಬರುವಂತೆ ಮಾಡುವ ಕಾರ್ಯಕ್ಕೆ ತಿರುಗಿಸಿತು. ಇದು ಮೊದಲ ನಿಲುಗಡೆ. ಇದರಲ್ಲಿ ಇಂಧನ ನಿಯಮದ ಪಾತ್ರವಿಲ್ಲ.

ಆಸ್ಟ್ರೇಲಿಯದಲ್ಲಿ ಕೆಲಸ ನಿಲ್ಲದೆ, ನೂರು ಕೋಟಿಗೂ ಹೆಚ್ಚು ಆಸ್ಟ್ರೇಲಿಯನ್ ಡಾಲರುಗಳ ವೆಚ್ಚದಲ್ಲಿ ಹೊಸ ಕಮೋಡೋರ್ 2006ರಲ್ಲಿ ಸಿದ್ಧವಾಯಿತು. ಅದೇ ವರ್ಷ ಕಮಾರೋ ಎಂಬ ಎರಡು ಬಾಗಿಲ ಕಾರಿಗೆ ಝೀಟಾದ ಮೇಲೆಯೇ ಅನುಮತಿ ದೊರೆತು, ಷೆವರ್ಲೆ ಇಂಪಾಲವನ್ನೂ ಹಿಂಚಕ್ರಕ್ಕೆ ತರುವ ಆಲೋಚನೆ ಮರುಜೀವ ಪಡೆಯಿತು. 2007ರ ಏಪ್ರಿಲ್‌ನಲ್ಲಿ ಲಟ್ಜ್, ಬರಲಿರುವ ಇಂಧನ ಮಿತಿಗಳನ್ನು ಕಾರಣವಾಗಿ ಹೇಳಿ, ಹೊಸ ಹಿಂಚಕ್ರ ಸೆಡಾನ್‌ಗಳನ್ನು ತಡೆಹಿಡಿದಿರುವುದಾಗಿ ಪ್ರಕಟಿಸಿದರು. 2020ರೊಳಗೆ ಸರಾಸರಿ ಗ್ಯಾಲನ್ನಿಗೆ 35 ಮೈಲಿಯನ್ನು ವಿಧಿಸಿದ ಕಾಯಿದೆಗೆ ಸಹಿ ಬಿದ್ದುದು ಆ ವರ್ಷದ ಡಿಸೆಂಬರಿನಲ್ಲಿ. ಆದುದರಿಂದ ಯೋಜನೆಯನ್ನು ತಡೆದುದು ಕಾಯಿದೆಯಲ್ಲ, ಅದರ ನಿರೀಕ್ಷೆ. ಅತ್ತ ಮುಂಚಕ್ರದ ಹಳೆಯ ಇಂಪಾಲ ಅದೇ ವರ್ಷ 3 ಲಕ್ಷಕ್ಕೂ ಮಿಕ್ಕು ಮಾರಾಟವಾಗಿದ್ದಿತೆಂಬುದನ್ನು ನೋಡಿದರೆ, ಅದನ್ನು ಬದಲಿಸುವ ಧೈರ್ಯ ಯಾರಿಗೂ ಬಾರದುದರಲ್ಲಿ ಆಶ್ಚರ್ಯವಿಲ್ಲ.

ಹೀಗೆ ಒಡಹುಟ್ಟಿದವರೆಲ್ಲ ಕೈಬಿಟ್ಟ ಮೇಲೆ, ಕಮೋಡೋರ್‌ನ ಅಮೆರಿಕನ್ ರೂಪವಾದ ಪಾಂಟಿಯಾಕ್ ಜಿ8 ಒಂಟಿಯಾಗಿ 2008ರ ಆರಂಭದಲ್ಲಿ ಮಾರುಕಟ್ಟೆಗೆ ಬಂದಿತು. ವರ್ಷಕ್ಕೆ 30 ಸಾವಿರ ಅದರ ಗುರಿ. ಜುಲೈ ವೇಳೆಗೆ ಕಚ್ಚಾ ತೈಲ ಬ್ಯಾರೆಲಿಗೆ 147 ಡಾಲರನ್ನು ಮುಟ್ಟಿ, ಆಸ್ಟ್ರೇಲಿಯದ ಡಾಲರ್ ಅಮೆರಿಕದ ಡಾಲರಿಗೆ ಹೆಚ್ಚುಕಡಿಮೆ ಸಮನಾಯಿತು. ಆ ವರ್ಷ ಮಾರಾಟವಾದುದು ಸುಮಾರು 15 ಸಾವಿರ. 2009ರ ಏಪ್ರಿಲ್‌ನಲ್ಲಿ ಪಾಂಟಿಯಾಕ್ ಹೆಸರನ್ನೇ ಮುಚ್ಚುವ ಘೋಷಣೆಯಾದ ಬಳಿಕ ಸಂಗ್ರಹ ಕರಗಿ, ಆ ವರ್ಷದ ಲೆಕ್ಕ 23 ಸಾವಿರಕ್ಕೇರಿತು. ಈ ಏರಿಕೆಯನ್ನು ಜನಪ್ರಿಯತೆಯ ಪುರಾವೆಯೆಂದು ಉಲ್ಲೇಖಿಸುವವರು ಮುಚ್ಚುವಿಕೆಯನ್ನು ಮರೆಯುತ್ತಾರೆ. ಜೂನ್ 1ರಂದು ಸಂಸ್ಥೆಯು ದಿವಾಳಿ ರಕ್ಷಣೆಯನ್ನು ಕೋರಿದ ತರುವಾಯವೂ, ಜಿ8 ಅನ್ನು ಷೆವರ್ಲೆ ಕ್ಯಾಪ್ರಿಸ್ ಎಂಬ ಹೆಸರಿನಲ್ಲಿ ಉಳಿಸಿಕೊಳ್ಳಬೇಕೆಂದು ಲಟ್ಜ್ ಬಹಿರಂಗವಾಗಿ ಸೂಚಿಸಿದರು. ಮುಖ್ಯಾಧಿಕಾರಿ ಫ್ರಿಟ್ಜ್ ಹೆಂಡರ್ಸನ್ ಅದನ್ನು ತಳ್ಳಿಹಾಕಿದರು. ಇತ್ತ ಕೆನಡಾದ ಒಷಾವದಲ್ಲಿ ತಯಾರಾದ ಕಮಾರೋ, ಅದೇ ಝೀಟಾದ ಮೇಲೆ, 2010ರಲ್ಲಿ 80 ಸಾವಿರವನ್ನು ದಾಟಿತು. ಎಂದಮೇಲೆ ದೋಷವನ್ನು ತಳಹದಿಯ ಮೇಲಾಗಲಿ ಹಿಂಚಕ್ರದ ಮೇಲಾಗಲಿ ಹೊರಿಸುವುದು ಕಷ್ಟ.

ಅನಂತರದ ಘಟ್ಟ ಚಿಕ್ಕದು. ಉದ್ದನೆಯ ಕ್ಯಾಪ್ರಿಸ್ 2011ರಿಂದ ಅಮೆರಿಕದ ಪೊಲೀಸರಿಗೆ ಮಾತ್ರ ಮಾರಾಟವಾಯಿತು. 2014ರ ಮಾದರಿಯಾಗಿ ಬಂದ 415 ಅಶ್ವಶಕ್ತಿಯ ಷೆವರ್ಲೆ ಎಸ್‌ಎಸ್, ಜಾಹೀರಾತಿನ ಬಲವಿಲ್ಲದೆ, ತನ್ನ ಇಡೀ ಆಯುಷ್ಯದಲ್ಲಿ 13 ಸಾವಿರದ ಆಸುಪಾಸನ್ನಷ್ಟೇ ಕಂಡಿತು. ಎರಡನ್ನೂ ತಯಾರಿಸುತ್ತಿದ್ದ ದಕ್ಷಿಣ ಆಸ್ಟ್ರೇಲಿಯದ ಎಲಿಜಬೆತ್ ಕಾರ್ಖಾನೆ 2017ರ ಅಕ್ಟೋಬರ್ 20ರಂದು ಮುಚ್ಚಿತು. ಕ್ಯಾಡಿಲಾಕ್ ಮಾತ್ರ ಸಿಗ್ಮಾದಿಂದ ಆಲ್ಫಾ ತಳಹದಿಗೆ ಸಾಗಿ, ಲ್ಯಾನ್ಸಿಂಗಿನಲ್ಲಿ ಸಿಟಿ4, ಸಿಟಿ5 ಸೆಡಾನ್‌ಗಳನ್ನು ತಯಾರಿಸಿತು. ಮಾರಾಟದ ಪ್ರಮಾಣವನ್ನು ನೆಚ್ಚಿ ಉಳಿಸಿಕೊಂಡಿದ್ದ ಮುಂಚಕ್ರದ ಇಂಪಾಲ 2020ರಲ್ಲಿಯೂ ಮಾಲಿಬು 2024ರಲ್ಲಿಯೂ ನಿಂತುಹೋದವು. ತರುವಾಯ ಅಮೆರಿಕದಲ್ಲಿ ಜನರಲ್ ಮೋಟರ್ಸ್ ತಯಾರಿಸುವ ಪೆಟ್ರೋಲ್ ಸೆಡಾನ್‌ಗಳಾಗಿ ಉಳಿದುದು ಹಿಂಚಕ್ರ ರಚನೆಯ ಕ್ಯಾಡಿಲಾಕ್‌ಗಳು ಮಾತ್ರ.