ಕರಾವಳಿಯ ನಕ್ಷತ್ರಮಾರ್ಗವೂ ಆಕಾಶದ ಕಸವೂ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ಊರುಗಳ ಇತಿಹಾಸವು ಬಹುಮಟ್ಟಿಗೆ ಸಮುದ್ರಯಾನದ ಇತಿಹಾಸವೇ ಆಗಿದೆ. 14ನೆಯ ಶತಮಾನದಲ್ಲಿ ಇಬ್ನ್ ಬತೂತನು ಹೊನ್ನಾವರವನ್ನು ಕಂಡು ಬಣ್ಣಿಸಿದನು. ವಿಜಯನಗರದ ಸೈನ್ಯಕ್ಕೆ ಕುದುರೆಗಳು ಬಂದಿಳಿಯುತ್ತಿದ್ದ ರೇವುಗಳಲ್ಲಿ ಭಟ್ಕಳವೂ ಒಂದು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ನಾಡಿನ ಕಾಳುಮೆಣಸು ಪರದೇಶಗಳನ್ನು ಸೇರಿದ್ದೂ ಈ ತೀರದಿಂದಲೇ. ಆ ಕಾಲದ ಅರಬ್ಬೀ ಸಮುದ್ರದ ನಾವಿಕರಲ್ಲಿ ‘ಕಮಲ್’ ಎಂಬ ಚಿಕ್ಕ ಮರದ ಹಲಗೆಯೊಂದಿರುತ್ತಿತ್ತು. ಅದಕ್ಕೆ ಕಟ್ಟಿದ ಗಂಟುಗಳುಳ್ಳ ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಂಚು ದಿಗಂತಕ್ಕೂ ಮೇಲಂಚು ಧ್ರುವನಕ್ಷತ್ರಕ್ಕೂ ತಾಗುವಂತೆ ಹಿಡಿದು, ತಾವಿರುವ ನೆಲೆಯನ್ನು ಅವರು ಅರಿಯುತ್ತಿದ್ದರು.

ಇಂದು ಆ ಹಲಗೆಯಿಲ್ಲ. ಮೀನುಗಾರರ ದೋಣಿಗಳಿಗೆ ಕೃತಕ ಉಪಗ್ರಹಗಳೇ ನಕ್ಷತ್ರಗಳಾಗಿವೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯಲ್ಲಿದ್ದ ಏಳು ಜನರಲ್ಲಿ ಐವರು ಉತ್ತರ ಕನ್ನಡದವರು. 15ರ ರಾತ್ರಿ ಸಂಪರ್ಕ ಕಡಿಯಿತು. ಅದರ ಅವಶೇಷವು ಮಾಲ್ವಣದ ಬಳಿ ಕಡಲತಳದಲ್ಲಿ ದೊರೆತದ್ದು 2019ರ ಮೇ 1ರಂದು. ಅಷ್ಟು ತಿಂಗಳು ದಾರಿ ಕಾಯ್ದ ಮನೆಗಳನ್ನು ನೆನೆದರೆ, ದೂರಕಡಲಿನಿಂದ ಬರುವ ಒಂದು ಸಂದೇಶದ ಬೆಲೆಯೇನೆಂಬುದು ತಿಳಿಯುತ್ತದೆ. ಇಸ್ರೋ ರೂಪಿಸಿದ, ಉಪಗ್ರಹದ ಮೂಲಕ ಸಂದೇಶ ಸಾಗಿಸುವ ಉಪಕರಣವನ್ನು 1 ಲಕ್ಷ ದೋಣಿಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಚಾಲನೆ ದೊರೆತಿದೆ.

ಆದರೆ ಈ ನಕ್ಷತ್ರಗಳು ಮನುಷ್ಯನಿರ್ಮಿತವಾದವು. ಅವು ಕೆಡುತ್ತವೆ, ಕೆಟ್ಟ ಮೇಲೂ ಸುತ್ತುತ್ತಲೇ ಇರುತ್ತವೆ. ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿದ ನಮ್ಮ ‘ಆರ್ಯಭಟ’ದ ಪ್ರಯೋಗಗಳು ವಿದ್ಯುತ್ ದೋಷದಿಂದ ಕೆಲವೇ ದಿನಗಳಲ್ಲಿ ನಿಂತುಹೋದವು, ಅದು ವಾತಾವರಣಕ್ಕಿಳಿದು ನಾಶವಾದದ್ದು 1992ರ ಫೆಬ್ರವರಿಯಲ್ಲಿ. ಕೆಳಗಿನ ಕಕ್ಷೆಗಳಲ್ಲಿ ವಸ್ತುವಿನ ವೇಗ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್. ಭಟ್ಕಳದಿಂದ ಕುಮಟಾಕ್ಕೆ ಇರುವಷ್ಟು ದೂರವನ್ನು ಅದು ಏಳೆಂಟು ಸೆಕೆಂಡುಗಳಲ್ಲಿ ಕ್ರಮಿಸುತ್ತದೆ! ಇಂತಹ ವೇಗದಲ್ಲಿ ಒಂದು ತಿರುಪುಮೊಳೆಯೂ ಉಪಗ್ರಹವನ್ನು ಕೆಡಿಸಬಲ್ಲದು. ಡಿಕ್ಕಿಯಿಂದ ಚೂರುಗಳು, ಚೂರುಗಳಿಂದ ಮತ್ತೆ ಡಿಕ್ಕಿಗಳು ಹುಟ್ಟಿ ಸರಪಣಿಯಂತೆ ಬೆಳೆದಾವೆಂದು 1978ರಲ್ಲಿಯೇ ಅಮೆರಿಕದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೇ ಎಚ್ಚರಿಸಿದ್ದರು. 2009ರ ಫೆಬ್ರವರಿ 10ರಂದು ಅಮೆರಿಕದ ‘ಇರಿಡಿಯಂ 33’, ಸತ್ತುಹೋಗಿದ್ದ ರಷ್ಯದ ‘ಕಾಸ್ಮಾಸ್ 2251’ರೊಡನೆ ಸೈಬೀರಿಯದ ಮೇಲೆ ಡಿಕ್ಕಿಯಾಗಿ, ಗುರುತಿಸಬಹುದಾದ ಚೂರುಗಳೇ 2,000ಕ್ಕೂ ಮಿಕ್ಕಿದವು. ಇಂದು 1 ಸೆಂಟಿಮೀಟರಿಗಿಂತ ದೊಡ್ಡ ಚೂರುಗಳು 10 ಲಕ್ಷಕ್ಕೂ ಹೆಚ್ಚೆಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಅಂದಾಜು.

ದಾರಿ ತೋರುವ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲೋ ಅದಕ್ಕೂ ಮೇಲೋ ಇದ್ದು, ಅಲ್ಲಿ ದಟ್ಟಣೆ ಕಡಿಮೆಯೆಂಬುದು ನಿಜ. ಆದರೆ ಅಲ್ಲಿಗೇರುವ ಪ್ರತಿಯೊಂದು ರಾಕೆಟ್ಟೂ ಕೆಳಗಿನ ಕಿಕ್ಕಿರಿದ ವಲಯವನ್ನು ದಾಟಿಯೇ ಹೋಗಬೇಕಷ್ಟೆ.

ಈ ಕಸದಲ್ಲಿ ಅನ್ಯರ ಪಾಲೇ ಅಧಿಕವೆಂಬುದು ಸತ್ಯ; ನಮ್ಮ ಪಾಲು ಇಲ್ಲವೆನ್ನುವುದು ಸತ್ಯವಲ್ಲ. 2001ರ ಅಕ್ಟೋಬರ್ 22ರಂದು ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿದ ಪಿ.ಎಸ್.ಎಲ್.ವಿ.-ಸಿ3 ರಾಕೆಟ್ಟಿನ ಕೊನೆಯ ಹಂತವು ಅದೇ ಡಿಸೆಂಬರಿನಲ್ಲಿ ಸಿಡಿದು 300ಕ್ಕೂ ಹೆಚ್ಚು ಚೂರುಗಳಾಯಿತು. ಬಳಿಕ, ಕೆಲಸ ಮುಗಿದ ಹಂತದಲ್ಲಿ ಉಳಿದ ಇಂಧನವನ್ನು ಹೊರಹಾಕಿ ನಿರಪಾಯಗೊಳಿಸುವ ಕ್ರಮವನ್ನು ಇಸ್ರೋ ಕೈಗೊಂಡಿತು. 2019ರ ಮಾರ್ಚ್ 27ರಂದು ನಮ್ಮದೇ ಉಪಗ್ರಹವೊಂದನ್ನು ಕ್ಷಿಪಣಿಯಿಂದ ಒಡೆದಾಗ ಚೂರುಗಳು 45 ದಿನಗಳಲ್ಲಿ ಉದುರುವುವೆಂದು ಹೇಳಲಾಗಿತ್ತು. ಗಮನದಲ್ಲಿದ್ದ ಕೊನೆಯ ಚೂರು ಉದುರಿದ್ದು 2022ರ ಜೂನಿನಲ್ಲಿ. ಸುಮಾರು 300 ಕಿಲೋಮೀಟರಿನಷ್ಟು ಕೆಳಗಿನ ಕಕ್ಷೆಯನ್ನು ಆರಿಸಿದ್ದು ವಿವೇಕವೇ ಸರಿ. ಆದರೂ ಚೂರುಗಳು ಲೆಕ್ಕವನ್ನು ಮೀರಿದವು.

ಇದಕ್ಕೆ ಪ್ರತಿಯಾಗಿ, ನಮಗೆ ಅತ್ಯಂತ ಮೆಚ್ಚುಗೆಯಾದುದು ‘ಮೇಘಾ-ಟ್ರಾಪಿಕ್ಸ್’ನ ಅಂತ್ಯ. ಉಷ್ಣವಲಯದ ಮೋಡ ಮಳೆಗಳನ್ನು ಅಭ್ಯಸಿಸಲು ಭಾರತ ಫ್ರಾನ್ಸುಗಳು ಕೂಡಿ 2011ರ ಅಕ್ಟೋಬರ್ 12ರಂದು ಕಳುಹಿಸಿದ ಉಪಗ್ರಹವಿದು. ತೂಕ ಸುಮಾರು 1,000 ಕಿಲೋ, ಎತ್ತರ ಸುಮಾರು 870 ಕಿಲೋಮೀಟರ್. ಹಾಗೆಯೇ ಬಿಟ್ಟಿದ್ದರೆ ನೂರು ವರ್ಷಕ್ಕೂ ಮಿಕ್ಕಿ ಸುತ್ತುತ್ತಿತ್ತು. ಇಂತಹ ಇಳಿಕೆಗಾಗಿ ಅದನ್ನು ರಚಿಸಿರಲಿಲ್ಲ. ಆದರೂ 2022ರ ಆಗಸ್ಟಿನಿಂದ, ಉಳಿದ ಸುಮಾರು 120 ಕಿಲೋ ಇಂಧನವನ್ನೇ ಲೆಕ್ಕ ಹಾಕಿ ಬಳಸಿ, ಸುಮಾರು ಇಪ್ಪತ್ತು ಸಲ ಅದನ್ನು ಕೆಳಗಿಳಿಸುತ್ತ ಬಂದು, 2023ರ ಮಾರ್ಚ್ 7ರಂದು ನಿರ್ಜನವಾದ ಶಾಂತಸಾಗರದ ಮೇಲೆ ಬೀಳಿಸಿದರು. ಹಾಸನದ ಕೇಂದ್ರದ ಪಾಲನೆಯಲ್ಲಿರುವ 36,000 ಕಿಲೋಮೀಟರ್ ಎತ್ತರದವುಗಳನ್ನು ಇಳಿಸಲಾಗದು. ಅವುಗಳನ್ನು ಇನ್ನೂ ಮೇಲಕ್ಕೆ ತಳ್ಳಬೇಕು. ‘ಇನ್ಸಾಟ್-4ಬಿ’ಯನ್ನು 2022ರ ಜನವರಿಯಲ್ಲಿ ಹೀಗೆಯೇ ಸುಮಾರು 340 ಕಿಲೋಮೀಟರ್ ಮೇಲಕ್ಕೇರಿಸಿ ಬಿಡಲಾಯಿತು.

2024ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆಯಲ್ಲಿ, 2030ರೊಳಗೆ ತನ್ನ ಯಾನಗಳು ಕಸವನ್ನು ಉಳಿಸದಂತೆ ಮಾಡುವುದಾಗಿ ಭಾರತವು ಸಾರಿತು. 2001ರಲ್ಲಿ ಸಿಡಿದ ಆ ರಾಕೆಟ್ಟಿನ ಚೂರುಗಳಲ್ಲಿ ಬಹುತೇಕ ಉದುರಿವೆ. ಉಳಿದವು ಇನ್ನೂ ಸುತ್ತುತ್ತಿವೆ.